ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾಗಿಬಿಟ್ಟರೆ ಓದೋಕೆ ಇನ್ನೇನು ಉಳಿಯುತ್ತೆ?

ಅರ್ಧ ಓದಿದ್ದ ಕಾದಂಬರಿಯ ಕೊಲೆಗಾರನ ಹೆಸರನ್ನು ನಿಮ್ಮ ಗೆಳೆಯ ಹೇಳಿಬಿಟ್ಟ, ಇನ್ನು ಮುಂದೆ ಓದಬೇಕಾ ಬೇಡವಾ ಅಂತ ಕೇಳಿದ್ದೀರಿ. ಓದಿ. ನನಗೂ ಒಮ್ಮೆ ಹೀಗೇ ಆಗಿತ್ತು. ಕಾಲೇಜಿಗೆ ಹೋಗುವಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಪತ್ತೇದಾರಿ ಕಾದಂಬರಿ ತಂದು ಓದುವ ಚಟ ಇತ್ತು. ಒಂದು ಪುಸ್ತಕದಲ್ಲಿ ಸೋದರಮಾವ ಮೊದಲ ಸಲ ಮನೆಯೊಳಗೆ ಬರುವ ಸಾಲಿನ ಪಕ್ಕ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ‘ಇವನೇ’ ಅಂತ ಬರೆದಿಟ್ಟಿದ್ದ. ಮೈಯೆಲ್ಲ ಉರಿದುಹೋಯಿತು. ಬಾಡಿಗೆ ಕೊಟ್ಟಾಗಿತ್ತಲ್ಲ, ಸುಮ್ನೆ ಓದುತ್ತಾ ಹೋದೆ. ಆಮೇಲೆ ನೋಡಿ ಮಜಾ. ಆ ಮಾವ ಮಕ್ಕಳಿಗೆ ಕಡಲೆಮಿಠಾಯಿ ಹಂಚಿದರೂ ನನಗೆ ಎದೆ ಡವಡವ. ಅವನು ಕಾಫಿ ಬಗ್ಗಿಸಿದರೆ ‘ಕುಡೀಬೇಡಿ’ ಅಂತ ಕೂಗಬೇಕು ಅನಿಸುತ್ತಿತ್ತು. ಆ ಅಂಗಡಿಯಿಂದ ತಂದ ಯಾವ ಪುಸ್ತಕವನ್ನೂ ನಾನು ಅಷ್ಟು ಗಮನ ಕೊಟ್ಟು ಓದಿರಲಿಲ್ಲ.

ಗದಾಯುದ್ಧದ ಬಯಲಾಟಕ್ಕೆ ಜನ ರಾತ್ರಿಯೆಲ್ಲ ಕೂರುತ್ತಾರೆ. ದುರ್ಯೋಧನನ ತೊಡೆ ಮುರಿಯುತ್ತೆ ಅಂತ ತೊಡೆಯ ಮೇಲೆ ಮಲಗಿರುವ ಮಗುವಿಗೂ ಗೊತ್ತು. ಆದರೂ ಭೀಮ ಕೊಳದ ದಡದಲ್ಲಿ ನಿಂತು ಕೂಗುವಾಗ ಯಾರೂ ಎದ್ದು ಹೋಗುವುದಿಲ್ಲ. ನೀರಿನಲ್ಲಿ ಅಡಗಿದವನು ಯಾವಾಗ ಏಳುತ್ತಾನೆ, ಎದ್ದಾಗ ಅವನ ಮುಖ ಹೇಗಿರುತ್ತೆ ಅನ್ನೋದೇ ಕುತೂಹಲ. ಕೊಲೆಯ ಕಥೆಯಲ್ಲೂ ಹಾಗೇ. ‘ಯಾರು’ ಅನ್ನೋದು ಒಂದು ಹೆಸರಿಗೆ ಮುಗಿದುಹೋಗುತ್ತೆ. ಲೆಕ್ಕ ಯಾವಾಗ ಚುಕ್ತಾ ಆಗುತ್ತೆ, ಅದನ್ನು ಯಾರು ಕಟ್ಟುತ್ತಾರೆ ಅನ್ನೋದು ಅಷ್ಟು ಬೇಗ ಮುಗಿಯುವುದಿಲ್ಲ.

ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಕಥೆ ಇದೆ, ‘ದಿ ಟೆಲ್-ಟೇಲ್ ಹಾರ್ಟ್’. ಕೊಲೆಗಾರನೇ ಕಥೆ ಹೇಳುತ್ತಾನೆ, ಹಾಗಾಗಿ ಮುಚ್ಚುಮರೆ ಏನೂ ಇಲ್ಲ. ಜೊತೆಗಿದ್ದ ಮುದುಕನ ಪೊರೆ ಬಂದ ಕಣ್ಣು ಇವನಿಗೆ ಸಹಿಸಲಾಗುವುದಿಲ್ಲ. ಏಳು ರಾತ್ರಿ ಬಾಗಿಲು ಸರಿಸಿ ಇಣುಕುತ್ತಾನೆ, ಎಂಟನೇ ರಾತ್ರಿ ಕೊಂದು ಹೆಣವನ್ನು ನೆಲದ ಹಲಗೆಗಳ ಕೆಳಗೆ ಹೂಳುತ್ತಾನೆ. ಕಿರುಚಾಟ ಕೇಳಿಸಿತು ಅಂತ ಮೂವರು ಪೊಲೀಸರು ಬರುತ್ತಾರೆ. ಮನೆ ನೋಡುತ್ತಾರೆ, ಅನುಮಾನ ಬರುವಂಥದ್ದು ಏನೂ ಇಲ್ಲ, ಕೂತು ಹರಟೆಗೆ ಇಳಿಯುತ್ತಾರೆ. ಇವನಿಗೆ ಎಷ್ಟು ಧೈರ್ಯ ಅಂದರೆ ಹೆಣ ಇರುವ ಜಾಗದ ಮೇಲೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಆಗ ಕೆಳಗಿನಿಂದ ಎದೆ ಬಡಿತ ಕೇಳಿಸೋಕೆ ಶುರುವಾಗುತ್ತೆ, ಇವನೊಬ್ಬನಿಗೆ ಮಾತ್ರ. ಕೊನೆಗೆ ತಾನೇ ಕಿರುಚಿ ಹಲಗೆ ಕೀಳಿ ಅನ್ನುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತೀವಲ್ಲ, ಇಲ್ಲಿ ಕಳ್ಳ ಅಂತ ಯಾರೂ ಅಂದೇ ಇಲ್ಲ!

ಇದೇ ಪೋ ಎರಡು ವರ್ಷ ಮೊದಲು, 1841ರಲ್ಲಿ, ಡ್ಯೂಪಾನ್ ಅನ್ನುವ ಪತ್ತೇದಾರನನ್ನು ಸೃಷ್ಟಿಸಿದ್ದ. ಸುಳಿವು ಹಿಡಿದು ಬಿಡಿಸುವ ಕಥೆಯೂ ಒಳಗಿನ ಅಳುಕು ಬಾಯಿ ಬಿಡಿಸುವ ಕಥೆಯೂ ಒಂದೇ ಕೈಯಿಂದ ಬಂದವು.

ಇನ್ನೂ ಹಿಂದೆ ಹೋದರೆ ಗಾಥಿಕ್ ಕಾದಂಬರಿಗಳು, ಅಂದರೆ ಹಳೇ ಕೋಟೆ, ದೆವ್ವ, ಶಾಪಗಳ ಭಯದ ಕಥೆಗಳು. ಹೊರೇಸ್ ವಾಲ್ಪೋಲ್ 1764ರಲ್ಲಿ ತಂದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಅವು ಶುರುವಾದವು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮದುವೆಯ ದಿನ ಮೇಲಿಂದ ದೈತ್ಯ ಗಾತ್ರದ ಶಿರಸ್ತ್ರಾಣ ಬಿದ್ದು ವರ ಸಾಯುತ್ತಾನೆ. ಓದಿದರೆ ಈಗ ನಗು ಬರುತ್ತೆ, ನಿಜ. ಆದರೆ ಅದರ ಹಿಂದಿರುವ ಲೆಕ್ಕ ನೋಡಿ: ವರನ ಮುತ್ತಜ್ಜ ವಿಷ ಹಾಕಿ ಕೋಟೆ ಕಬಳಿಸಿದ್ದ, ಅದನ್ನು ತೀರಿಸಿದ್ದು ಮರಿಮಗ. ಆ ಕಾಲಕ್ಕೆ ಪತ್ತೇದಾರ ಅನ್ನುವ ಹುದ್ದೆಯೇ ಇರಲಿಲ್ಲ. ಲಂಡನ್ ಪೊಲೀಸರು ಎಂಟು ಜನರ ಪತ್ತೇದಾರಿ ವಿಭಾಗ ಕಟ್ಟಿದ್ದು 1842ರಲ್ಲಿ. ಹಾಗಾಗಿ ಗಾಥಿಕ್ ಕಥೆಗಳಲ್ಲಿ ಹಳೇ ಕೊಲೆ ಬಯಲಿಗೆ ತರೋಕೆ ದೆವ್ವ, ಶಾಪ, ಗೋಡೆಯ ಮೇಲಿನ ಪಟ, ಇವೇ ಗತಿ. ಆಮೇಲೆ ದೆವ್ವದ ಕೆಲಸವನ್ನು ಪತ್ತೇದಾರ ವಹಿಸಿಕೊಂಡ.

ಆ ಎಂಟು ಜನರಲ್ಲಿ ಒಬ್ಬ ಜೊನಾಥನ್ ವಿಚರ್. ಅವನಿಗೆ ಆದದ್ದನ್ನು ಹೇಳಲೇಬೇಕು. ಇದು ಕಟ್ಟುಕಥೆ ಅಲ್ಲ. 1860ರ ಜೂನ್ ಕೊನೆಯಲ್ಲಿ ಇಂಗ್ಲೆಂಡಿನ ರೋಡ್ ಅನ್ನುವ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ನಾಲ್ಕು ವರ್ಷ ತುಂಬದ ಮಗು ರಾತ್ರಿ ತೊಟ್ಟಿಲಿನಿಂದ ಮಾಯವಾಯಿತು. ಬೆಳಗ್ಗೆ ಅಂಗಳದ ಆಚೆಗಿನ ಪಾಯಿಖಾನೆಯಲ್ಲಿ, ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿತು. ಮನೆಗೆ ರಾತ್ರಿ ಬೀಗ ಹಾಕಿತ್ತು. ಅಂದರೆ ಕೊಂದವರು ಒಳಗಿನವರೇ. ಲಂಡನ್ನಿನಿಂದ ಬಂದ ವಿಚರ್ ಬಟ್ಟೆಯ ಲೆಕ್ಕ ತೆಗೆದ. ಮನೆಯ ಯಜಮಾನನ ಮೊದಲ ಹೆಂಡತಿಯ ಮಗಳು, ಹದಿನಾರರ ಕಾನ್ಸ್ಟೆನ್ಸ್ ಕೆಂಟ್‌ಗೆ ಮೂರು ನೈಟ್‌ಗೌನ್ ಇರಬೇಕು, ಒಂದು ಇಲ್ಲ. ಅಷ್ಟನ್ನೇ ಹಿಡಿದು ಅವಳನ್ನು ಬಂಧಿಸಿದ. ಊರು ಉರಿದೆದ್ದಿತು. ದೊಡ್ಡ ಮನೆತನದ ಹುಡುಗಿಯ ಒಳಬಟ್ಟೆ ಎಣಿಸೋಕೆ ಈ ಪೊಲೀಸಿನವನು ಯಾರು? ಸಾಕ್ಷಿ ಸಾಲದೆ ಅವಳು ಬಿಡುಗಡೆಯಾದಳು. ವಿಚರ್ ಪತ್ರಿಕೆಗಳಲ್ಲಿ ಬೈಸಿಕೊಂಡ, ನಾಲ್ಕು ವರ್ಷದಲ್ಲಿ ಕೆಲಸವನ್ನೂ ಬಿಟ್ಟ.

1865ರಲ್ಲಿ ಕಾನ್ಸ್ಟೆನ್ಸ್ ತಾನಾಗಿಯೇ ಬಂದು ‘ನಾನೇ ಕೊಂದೆ’ ಅಂದಳು. ಹೊಸ ಸುಳಿವು ಸಿಕ್ಕಿರಲಿಲ್ಲ, ಯಾರೂ ಅವಳ ಬೆನ್ನು ಹತ್ತಿರಲಿಲ್ಲ. ಈ ನಡುವೆ ಬ್ರೈಟನ್ನಿನಲ್ಲಿ ಒಬ್ಬ ಪಾದ್ರಿಯ ಆಶ್ರಯದಲ್ಲಿದ್ದು ಅವರಲ್ಲಿ ಪಾಪನಿವೇದನೆ ಮಾಡಿಕೊಂಡಿದ್ದಳು. ಗಲ್ಲು ಶಿಕ್ಷೆ ಜೀವಾವಧಿಗೆ ಇಳಿಯಿತು, ಇಪ್ಪತ್ತು ವರ್ಷ ಜೈಲಿನಲ್ಲಿದ್ದಳು. ಹೊರಬಂದ ಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ, ಹೆಸರು ಬದಲಿಸಿಕೊಂಡು, ನರ್ಸ್ ಆಗಿ ದುಡಿದು, 1944ರಲ್ಲಿ ನೂರು ವರ್ಷ ತುಂಬಿಸಿಕೊಂಡು ಸತ್ತಳು. ಒಬ್ಬಳೇ ಮಾಡಿದ್ದಳಾ, ಯಾರನ್ನೋ ಉಳಿಸೋಕೆ ಪೂರ್ತಿ ತಲೆಗೆ ಹಾಕಿಕೊಂಡಳಾ ಅನ್ನುವ ವಾದ ಇವತ್ತಿಗೂ ನಿಂತಿಲ್ಲ. ಅಂದರೆ ಹೆಸರು ಗೊತ್ತಾಗಿ ನೂರೈವತ್ತು ವರ್ಷ ದಾಟಿದರೂ ಜನ ಇದನ್ನು ಓದುತ್ತಲೇ ಇದ್ದಾರೆ. ವಿಲ್ಕಿ ಕಾಲಿನ್ಸ್ 1868ರ ತನ್ನ ‘ದಿ ಮೂನ್‌ಸ್ಟೋನ್’ನಲ್ಲಿ ಕಲೆಯಾದ ನೈಟ್‌ಗೌನನ್ನು ಸುಳಿವಾಗಿ ಇಟ್ಟಿದ್ದು ಈ ಪ್ರಕರಣದ ನೆನಪಿನಿಂದಲೇ. ವಿಚರ್‌ಗೆ ಸಿಗದ ಗೌರವ ಆ ಕಾದಂಬರಿಯ ಪತ್ತೇದಾರನಿಗೆ ಸಿಕ್ಕಿತು.

ನನಗೆ ಹಿಡಿಸದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹಳೇ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಸಿಕ್ಕಿಬಿದ್ದ ಕೊಲೆಗಾರ ಎಷ್ಟೋ ಸಲ ತಾನೇ ವಿಷ ಕುಡಿದೋ ಗುಂಡು ಹಾರಿಸಿಕೊಂಡೋ ಸಾಯುತ್ತಾನೆ. ಎಲ್ಲರಿಗೂ ಅನುಕೂಲ. ಗಲ್ಲುಗಂಬದ ಹತ್ತಿರ ಹೋಗುವ ಕಷ್ಟ ಲೇಖಕರಿಗೂ ಇಲ್ಲ, ಓದುಗರಿಗೂ ಇಲ್ಲ. ಆಗ ಇಂಗ್ಲೆಂಡಿನಲ್ಲಿ ಕೊಲೆಗೆ ಗಲ್ಲು ಇತ್ತು. ಬೆರಳು ತೋರಿಸಿ ‘ಇವನೇ’ ಅಂದರೆ ಅವನ ಕುತ್ತಿಗೆಗೆ ಹಗ್ಗ ಅಂತಲೇ ಅರ್ಥ. ಅದನ್ನು ತಪ್ಪಿಸಿಕೊಳ್ಳದೆ ಬರೆದವರು ಡೊರೊಥಿ ಸೇಯರ್ಸ್. 1937ರ ಕಾದಂಬರಿಯೊಂದರ ಕೊನೆಯಲ್ಲಿ, ಅಪರಾಧಿಯನ್ನು ನೇಣಿಗೆ ಹಾಕುವ ಬೆಳಗ್ಗೆ, ಹಿಡಿದುಕೊಟ್ಟ ಪತ್ತೇದಾರನೇ ಹೆಂಡತಿಯ ಮಡಿಲಲ್ಲಿ ಅಳುತ್ತಾನೆ. ಅಪರಾಧಿಯ ಅಳುಕು ಪತ್ತೇದಾರನಿಗೆ ದಾಟಿಕೊಳ್ಳುತ್ತೆ.

ಮುಂದೆ ಏನು ಓದಲಿ ಅಂತಲೂ ಕೇಳಿದ್ದೀರಲ್ವಾ, ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ಹಿಡಿಯಿರಿ. ಅದನ್ನು ಯಾವ ಗೆಳೆಯನೂ ಕೆಡಿಸಲಾರ. ಆರು ಭಾಗಗಳಲ್ಲಿ ಮೊದಲನೆಯದರಲ್ಲೇ ಕೊಲೆ ಆಗಿಹೋಗುತ್ತೆ, ಕೊಡಲಿ ಯಾರ ಕೈಯಲ್ಲಿತ್ತು ಅಂತ ನಾವೇ ನೋಡಿರುತ್ತೇವೆ. ಉಳಿದ ಐದು ಭಾಗ ಓದಿಸಿಕೊಂಡು ಹೋಗುವುದು ಅವನು ಯಾವಾಗ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಅನ್ನುವ ತವಕ.

ಅಂದಹಾಗೆ, ಆ ಬಾಡಿಗೆ ಪುಸ್ತಕದ ಸೋದರಮಾವ ಕೊಲೆ ಮಾಡಿರಲೇ ಇಲ್ಲ. ಪೆನ್ಸಿಲಿನವನು ಬೇಕಂತಲೇ ಸುಳ್ಳು ಬರೆದಿದ್ದ. ಕೊನೆಯ ಪುಟ ಮುಗಿಸಿ, ಇನ್ನೂರು ಪುಟ ಆ ಬಡಪಾಯಿಯನ್ನು ಅನುಮಾನಿಸಿದೆನಲ್ಲ ಅಂತ ನನಗೇ ಒಂಥರಾ ಆಯಿತು. ಆಮೇಲೆ ಆ ‘ಇವನೇ’ಯನ್ನು ಅಳಿಸದೆ ಹಾಗೇ ವಾಪಸ್ ಕೊಟ್ಟುಬಂದೆ.