ಬೆಂಕಿಕಡ್ಡಿ ಚೌಕಗಳ ಲೆಕ್ಕಕ್ಕೆ ಸೂತ್ರ ಹುಡುಕುವುದನ್ನು ಮಗಳಿಗೆ ಹೇಗೆ ಹೇಳಿಕೊಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಮ್ಮ ಮನೆಯಲ್ಲೂ ಇದೇ ರಾಮಾಯಣ ನಡೆದಿತ್ತು. ಒಂದು ಚೌಕಕ್ಕೆ 4 ಕಡ್ಡಿ. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಚೌಕ ಮಾಡಿದರೆ ಒಟ್ಟು 7, ಮೂರಕ್ಕೆ 10. ಹತ್ತು ಚೌಕಕ್ಕೆ 31 ಅಂತ ನಿಮ್ಮ ಮಗಳು ಬೆರಳು ಮಡಚಿ ಹೇಳಿದಳು. ನೂರಕ್ಕೆ ಎಷ್ಟು ಅಂದರೆ 310 ಅಂದಳು. ‘ಎನ್’ ಚೌಕಕ್ಕೆ (ಅಂದರೆ ಎಷ್ಟೇ ಚೌಕ ಇದ್ದರೂ) ಎಷ್ಟು ಅಂದ ಕೂಡಲೇ ಪುಸ್ತಕ ಮುಚ್ಚಿದಳು. ಇಷ್ಟೇ ಅಲ್ವಾ?

ಮೊದಲು ಆ 310ಕ್ಕೆ ಬೈಯಬೇಡಿ. ಅದು ಬಹಳ ಒಳ್ಳೆಯ ತಪ್ಪು. ಎನ್‌ಸಿಇಆರ್‌ಟಿಯ ಹಳೆಯ 6ನೇ ತರಗತಿ ಪುಸ್ತಕದಲ್ಲಿ ಬೀಜಗಣಿತ ಶುರುವಾಗುತ್ತಿದ್ದದ್ದೇ ಕಡ್ಡಿಯಲ್ಲಿ ಮಾಡಿದ ‘ಎಲ್’ ಅಕ್ಷರದಿಂದ. ಒಂದು ಎಲ್‌ಗೆ 2 ಕಡ್ಡಿ, ಹತ್ತಕ್ಕೆ 20, ನೂರಕ್ಕೆ 200. ಅಲ್ಲಿ ಹತ್ತರಷ್ಟು ಮಾಡಿದರೆ ಸರಿಹೋಗುತ್ತದೆ, ಏಕೆಂದರೆ ಪ್ರತಿ ಅಕ್ಷರವೂ ಬೇರೆ ಬೇರೆ ನಿಂತಿದೆ. ಚೌಕಗಳು ಹಾಗಲ್ಲ, ಪಕ್ಕದ ಮನೆಗಳಂತೆ ನಡುಗೋಡೆ ಹಂಚಿಕೊಂಡಿವೆ.

ಇದನ್ನು ಬಾಯಲ್ಲಿ ಹೇಳದೆ ಮಾಡಿ ತೋರಿಸಿ. ಬೆಂಕಿಕಡ್ಡಿಯೇ ಬೇಕೆಂದಿಲ್ಲ, ಪೊರಕೆ ಕಡ್ಡಿ ಮುರಿದುಕೊಂಡರೂ ಆದೀತು. ಮೂರು ಚೌಕದ ಎರಡು ಸಾಲು ಬೇರೆ ಬೇರೆ ಮಾಡಲಿ. ತಲಾ 10, ಒಟ್ಟು 20 ಕಡ್ಡಿ. ಈಗ ಎರಡನ್ನೂ ಉದ್ದಕ್ಕೆ ಜೋಡಿಸಲಿ. ಸೇರುವ ಕಡೆ ಎರಡು ಕಡ್ಡಿ ಮೈಗೆ ಮೈ ತಾಗಿಸಿ ಕೂತಿರುತ್ತವೆ. ಒಂದು ದಂಡ, ತೆಗೆದುಬಿಡಿ. ಆರು ಚೌಕಕ್ಕೆ 19. ಹತ್ತು ಚೌಕದ ಹತ್ತು ಸಾಲು ಸೇರಿಸಿದರೂ ಇದೇ ಕತೆ. 310 ಕಡ್ಡಿ, ಸೇರುವ ಜಾಗ 9, ಹಾಗಾಗಿ 301. ಅವಳ ತಪ್ಪಿನೊಳಗೇ ಉತ್ತರ ಇತ್ತು ನೋಡಿ.

ನಾನು ಮೊದಲು ಮಾಡಿದ ಎಡವಟ್ಟು ಏನೆಂದರೆ, 4, 7, 10, 13 ಅಂತ ಪಟ್ಟಿ ಬರೆಸಿ ‘ಸೂತ್ರ ಹುಡುಕು’ ಅಂದೆ. ಮಗನಿಗೆ ‘ಮೂರು ಮೂರು ಜಾಸ್ತಿ ಆಗ್ತಿದೆ’ ಅನ್ನುವುದರ ಆಚೆ ಏನೂ ಕಾಣಲಿಲ್ಲ. ಪಟ್ಟಿಯನ್ನು ಬದಿಗಿಟ್ಟು ‘ಎಣಿಸದೆ, ಬರೀ ನೋಡಿ ಹೇಳು, ಕಡ್ಡಿಗಳು ಹೇಗೆ ಕೂತಿವೆ?’ ಅಂತ ಕೇಳಿದ ಮೇಲೆ ಮಾತು ಹೊರಟಿತು. ಅವನಿಗೆ ಎಡಗಡೆ ಒಂಟಿ ಕಡ್ಡಿಯೊಂದು ಕಂಡಿತು. ಅದಾದ ಮೇಲೆ ಪ್ರತಿ ಚೌಕಕ್ಕೂ ಮೂರು ಮೂರು. ನನ್ನ ಹೆಂಡತಿಗೆ ಮೇಲೊಂದು ಸಾಲು, ಕೆಳಗೊಂದು ಸಾಲು, ನಡುವೆ ನಿಂತ ಕಂಬಗಳು ಕಂಡವು. ಚೌಕಗಳಿಗಿಂತ ಕಂಬ ಒಂದು ಜಾಸ್ತಿ. ನನಗೆ ನಾಲ್ಕು ನಾಲ್ಕು ಕಡ್ಡಿಯ ಚೌಕಗಳು ಕಂಡವು, ಅದರಲ್ಲಿ ಎರಡೆರಡು ಸಲ ಎಣಿಸಿದ ಗೋಡೆಗಳನ್ನು ಕಳೆಯಬೇಕು. ಮೂವರದೂ ನೂರಕ್ಕೆ 301 ಬಂತು. ಒಂದೇ ಚಿತ್ರ, ಮೂರು ದಾರಿ ಅಂದಾಗ ಅವನ ಕಣ್ಣರಳಿದ್ದು ಇನ್ನೂ ನೆನಪಿದೆ.

‘ಎನ್’ ಅನ್ನು ಕೊನೆಗೆ ತನ್ನಿ. ಮೊದಲು ಮಾತಿನಲ್ಲೇ ಹೇಳಿಸಿ: ‘ಎಷ್ಟು ಚೌಕವೋ ಅದರ ಮೂರರಷ್ಟು, ಜೊತೆಗೆ ಒಂದು.’ ಇದನ್ನು ಪ್ರತಿ ಸಲ ಬರೆಯಲು ಬೇಜಾರಾದಾಗ 3 × ಎನ್ + 1 ಅಂತ ಚಿಕ್ಕದಾಗಿ ಬರೆಯುತ್ತೇವೆ, ಅಷ್ಟೇ. ಬೇಜಾರಾಗುವವರೆಗೂ ಕಾಯಿರಿ.

ಇದು ಪಳಗಿದ ಮೇಲೆ ರಂಗೋಲಿಗೆ ಬನ್ನಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. 7ರಿಂದ 1 ನೇರ ಚುಕ್ಕಿ ಇಡಿಸಿ. ನಡುಸಾಲಿಗೆ 7, ಮೇಲೂ ಕೆಳಗೂ 5, 3, 1. ಒಟ್ಟು 25. ಈಗ ತಲೆ ಓರೆ ಮಾಡಿ ನೋಡಲು ಹೇಳಿ. ನಾಲ್ಕು ಚುಕ್ಕಿಯ ನಾಲ್ಕು ಓರೆ ಸಾಲು, ಅವುಗಳ ನಡುವೆ ಮೂರು ಚುಕ್ಕಿಯ ಮೂರು ಸಾಲು. 16 ಮತ್ತು 9! 5ರಿಂದ 1 ಇಟ್ಟರೆ 9 ಮತ್ತು 4, ಅಂದರೆ 13. ಒಂದರೊಳಗೊಂದು ಕೂತ ಎರಡು ಚೌಕಗಳು.

7ರಿಂದ 4 ಸಂದು ಚುಕ್ಕಿ ಇನ್ನೂ ಚೆಂದ. ನಡುಸಾಲಿಗೆ 7, ಮೇಲೂ ಕೆಳಗೂ ಸಂದು ನೋಡಿ 6, 5, 4. ನಡುವಿನ ಒಂದು ಚುಕ್ಕಿಯ ಸುತ್ತ 6, ಅದರ ಸುತ್ತ 12, ಅದರ ಸುತ್ತ 18. ಒಟ್ಟು 37. ನಡುವಿನ ಚುಕ್ಕಿಯನ್ನು ಬಿಟ್ಟರೆ ಉಳಿದ 36 ಚುಕ್ಕಿಗಳು 4 × 3ರ ಮೂರು ಒರಗಿದ ತುಂಡುಗಳಾಗುತ್ತವೆ. ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿ, ತಾನೇ ಕಾಣುತ್ತದೆ. ಹಬ್ಬದ ದಿನ ಹಾಕುವ 15ರಿಂದ 8ಕ್ಕೂ ಇದೇ ಲೆಕ್ಕ: 8 × 7ರ ಮೂರು ತುಂಡು, ಜೊತೆಗೆ ನಡುವಿನದು. 169 ಚುಕ್ಕಿ.

ಚೌಕಗಳ ಸಾಲಿನಲ್ಲಿ ಹೆಚ್ಚಳ ಯಾವಾಗಲೂ 3. ಇಲ್ಲಿ ಹೆಚ್ಚಳವೇ 6, 12, 18 ಅಂತ ಬೆಳೆಯುತ್ತಿದೆ. ಹೀಗೆ ಹೆಚ್ಚಳವೂ ಸಮವಾಗಿ ಬೆಳೆದರೆ ಸೂತ್ರದಲ್ಲಿ ಎನ್ ಅನ್ನು ಎನ್‌ನಿಂದಲೇ ಗುಣಿಸುವ ಕೆಲಸ ಇರುತ್ತದೆ. ಶಾಲೆಯಲ್ಲಿ ಇದನ್ನು ಮುಂದೆ ಹೇಳಿಕೊಡುತ್ತಾರೆ, ಈಗಲೇ ತಲೆಗೆ ತುಂಬಬೇಡಿ.

ಪಟ್ಟಿಯನ್ನು ಮಾತ್ರ ಯಾಕೆ ನಂಬಬಾರದು ಅಂತ ಅವಳು ಕೇಳಿದರೆ ಈ ಆಟ ಆಡಿಸಿ. ವೃತ್ತದ ಅಂಚಿನ ಮೇಲೆ ಚುಕ್ಕಿ ಇಟ್ಟು, ಪ್ರತಿಯೊಂದನ್ನೂ ಉಳಿದ ಎಲ್ಲಕ್ಕೂ ಗೆರೆ ಎಳೆದು ಸೇರಿಸಬೇಕು. ಒಳಗೆ ಎಷ್ಟು ತುಂಡಾಯಿತು? ಒಂದು ಚುಕ್ಕಿಗೆ 1, ಎರಡಕ್ಕೆ 2, ಆಮೇಲೆ 4, 8, 16. ಆರನೆಯದಕ್ಕೆ 32 ಅಂತ ಎಲ್ಲರೂ ಬಾಜಿ ಕಟ್ಟುತ್ತಾರೆ. ಬರುವುದು 31. ಇದನ್ನು ಲಿಯೋ ಮೋಸರ್ ಎಂಬ ಗಣಿತಜ್ಞರ ಹೆಸರಿನಲ್ಲಿ ಕರೆಯುತ್ತಾರೆ (ಹೆಸರಲ್ಲೇ ಮೋಸ ಇದೆ ಅಂತ ನನ್ನ ಮಗ ಕುಣಿದಾಡಿದ್ದ). ಒಂದು ಎಚ್ಚರಿಕೆ: ಆರು ಚುಕ್ಕಿಗಳನ್ನು ಸಮ ಅಂತರದಲ್ಲಿ ಇಡಬೇಡಿ. ಆಗ ನಡುವೆ ಮೂರು ಗೆರೆಗಳು ಒಂದೇ ಕಡೆ ಸೇರಿ ಒಂದು ಪುಟ್ಟ ತುಂಡು ಮಾಯವಾಗಿ 30 ಬರುತ್ತದೆ. ನಾನು ಹಾಗೆ ಇಟ್ಟು, ಅರ್ಧ ಗಂಟೆ ಅವನ ಎಣಿಕೆಯೇ ತಪ್ಪು ಅಂತ ವಾದ ಮಾಡಿದ್ದೆ.