ಹೂದಾನಿಯ ತಳದಲ್ಲಿ ವರ್ಷ ಓದುವುದು

ಪ್ರಶ್ನೆ: ಹೂದಾನಿಯ ತಳದಲ್ಲಿ ಬೆನ್ನಿಗೆ ಬೆನ್ನು ತಾಗಿದ 'ಆರ್', 'ಪಿ' ಅಕ್ಷರಗಳಿವೆ. ಸುತ್ತ 14 ಜ್ವಾಲೆ, ಕೆಳಗೆ ರೋಮನ್ ಅಂಕಿಯಲ್ಲಿ ಆರು, '907 ಸಿ', ಒಂದು 'ಎಕ್ಸ್' ಕೂಡ ಇವೆ. ಇದು 1900ರದು ಎನ್ನುತ್ತಾರೆ, ನಿಜವೇ?

ಉತ್ತರ: ಅಲ್ಲ, 1906ರದು. ಇದು ಅಮೆರಿಕದ ಸಿನ್ಸಿನಾಟಿಯ ರೂಕ್‌ವುಡ್ ಕಾರ್ಖಾನೆಯ ಮುದ್ರೆ. ಜೋಡಕ್ಷರ ಬಂದದ್ದು 1886ರಲ್ಲಿ. 1887ರಿಂದ ವರ್ಷಕ್ಕೊಂದು ಜ್ವಾಲೆ ಸೇರುತ್ತಾ 1900ಕ್ಕೆ 14 ಆಯಿತು. ಅಲ್ಲಿಂದಾಚೆಗೆ ಜ್ವಾಲೆ 14ರಲ್ಲೇ ನಿಂತಿತು, ವರ್ಷವನ್ನು ಕೆಳಗೆ ರೋಮನ್ ಅಂಕಿಯಲ್ಲಿ ಒತ್ತತೊಡಗಿದರು. ಜ್ವಾಲೆ ಎಣಿಸಿ ಅಲ್ಲಿಗೇ ಬಿಡುವವರು ತಪ್ಪುವುದು ಇಲ್ಲೇ.

907 ಎಂಬುದು ಆಕಾರದ ಸಂಖ್ಯೆ, 'ಸಿ' ಅಳತೆಯ ಗುರುತು. ಒಂದೇ ಆಕಾರದಲ್ಲಿ 'ಎ' ಎಲ್ಲಕ್ಕಿಂತ ದೊಡ್ಡದು. 'ಎಕ್ಸ್' ಅನ್ನು ಗ್ಲೇಜ್ (ಮೇಲಿನ ಗಾಜಿನಂಥ ಲೇಪ) ಮೇಲೆ ಕೊರೆದಿದ್ದರೆ, ಕಾರ್ಖಾನೆಯೇ ದೋಷ ಕಂಡು ಎರಡನೇ ದರ್ಜೆಗೆ ಹಾಕಿದೆ ಎಂದರ್ಥ. ಗುಳ್ಳೆ, ಬಿರುಕು, ಬಣ್ಣದ ಕಲೆಗಳಿವೆಯೇ ಹುಡುಕಿ. ಹಸಿ ಮಣ್ಣಿನಲ್ಲಿ ಗೀಚಿದ ಚಿತ್ರಕಾರರ ಮೊದಲಕ್ಷರ ಸಿಕ್ಕರೆ ಅದಂತೂ ಅಮೂಲ್ಯ. ಮುದ್ರೆ ಮಸುಕಾಗಿದ್ದರೆ ಟಾರ್ಚನ್ನು ತಳಕ್ಕೆ ಸಮಾನಾಂತರವಾಗಿ, ಪಕ್ಕದಿಂದ ಹಿಡಿಯಿರಿ. ತಗ್ಗುಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ತೆಳು ಕಾಗದವಿಟ್ಟು ಮೆತ್ತನೆಯ ಪೆನ್ಸಿಲ್ ಉಜ್ಜಿದರೂ ಆದೀತು. ತೊಳೆಯಲು ಬ್ಲೀಚ್ ಮಾತ್ರ ಬೇಡ. ಸೂಕ್ಷ್ಮ ಬಿರುಕುಗಳ ಮೂಲಕ ಒಳಗಿನ ಮಣ್ಣಿಗೆ ಇಳಿದರೆ ಅದನ್ನು ಪೂರ್ತಿ ತೆಗೆಯುವುದು ಕಷ್ಟ, ಮುಂದೆ ಗ್ಲೇಜ್ ಏಳಬಹುದು.

ಪ್ರಶ್ನೆ: ಬ್ರಿಟಿಷ್ ಹೂಜಿಯೊಂದರಲ್ಲಿ 3,20,000ದ ಆಸುಪಾಸಿನ ನೋಂದಣಿ ಸಂಖ್ಯೆಯೂ 'ಮೇಡ್ ಇನ್ ಇಂಗ್ಲೆಂಡ್' ಎಂಬುದೂ ಇವೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ. ನೋಂದಣಿ ವಿನ್ಯಾಸದ್ದು, ಪಾತ್ರೆಯದಲ್ಲ. 1884ರಲ್ಲಿ 1ರಿಂದ ಶುರುವಾದ ಸಂಖ್ಯೆ 1900ರ ಆರಂಭಕ್ಕೆ ಮೂರೂವರೆ ಲಕ್ಷ ದಾಟಿತ್ತು. ಹಾಗಾಗಿ ವಿನ್ಯಾಸ ಅದಕ್ಕೂ ಹಿಂದಿನದು. ಜನಪ್ರಿಯ ವಿನ್ಯಾಸವನ್ನು ದಶಕಗಟ್ಟಲೆ ತಯಾರಿಸುತ್ತಿದ್ದರು. ಅಮೆರಿಕದ ಸುಂಕ ಕಾನೂನಿನಿಂದಾಗಿ 1891ರಿಂದ 'ಇಂಗ್ಲೆಂಡ್' ಎಂಬ ಪದ ಸಾಮಾನ್ಯವಾಯಿತು, 'ಮೇಡ್ ಇನ್' ಸೇರಿದ್ದು ಹೆಚ್ಚಾಗಿ 20ನೇ ಶತಮಾನದಲ್ಲಿ. ನಿಮ್ಮ ಹೂಜಿ ಹಳೆಯ ವಿನ್ಯಾಸದ, ಆಮೇಲೆ ತಯಾರಾದ ಪ್ರತಿ. ಮುದ್ರೆಯಲ್ಲಿ 'ಸ್ಥಾಪನೆ' ಎಂದು ವರ್ಷವಿದ್ದರೆ ಅದು ಕಂಪನಿ ಹುಟ್ಟಿದ ವರ್ಷ, ಅಷ್ಟೇ.

ಪ್ರಶ್ನೆ: ಅಮೆರಿಕದ ರೋಸ್‌ವಿಲ್ ಕಾರ್ಖಾನೆಯದು ಎನ್ನಲಾದ ಹೂದಾನಿಯಲ್ಲಿ 'ಯು.ಎಸ್.ಎ.' ಇಲ್ಲ. ನಕಲಿಯೇ?

ಉತ್ತರ: ಮಾದರಿ ಯಾವುದು ಎಂಬುದರ ಮೇಲೆ ಹೋಗುತ್ತದೆ. 1940ರ ದಶಕದ ಮಾದರಿಗಳಲ್ಲಿ ಹೆಸರು, 'ಯು.ಎಸ್.ಎ.', ಆಕಾರದ ಸಂಖ್ಯೆ, ಇಂಚಿನ ಅಳತೆ ಉಬ್ಬಕ್ಷರದಲ್ಲಿರುತ್ತವೆ. 1990ರ ದಶಕದಲ್ಲಿ ಚೀನಾದಿಂದ ಬಂದ ನಕಲುಗಳಲ್ಲಿ 'ಯು.ಎಸ್.ಎ.' ಬಿಟ್ಟುಹೋಗಿದೆ. ಆದರೆ 1920ರ ದಶಕದ ಎಷ್ಟೋ ಅಸಲಿಗಳಿಗೆ ಬರೀ ಕಾಗದದ ಚೀಟಿ ಇತ್ತು. ಅದು ಉದುರಿದರೆ ತಳ ಖಾಲಿ. ಅಂಥದ್ದನ್ನು ನಕಲಿ ಎಂದು ತಳ್ಳಿಬಿಡಬೇಡಿ.