ಆ ಮಾತನ್ನು ಯಾರಿಗೆ ಹೇಳಿದ್ದು?

ಪ್ರಿಯರೇ,

ರೋಮನ್ನರ ನೀತಿವಾಕ್ಯಗಳ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಶ್ರಮ ಕಾಣುತ್ತದೆ. ಆದರೆ ಎರಡನೆಯ ಪುಟದಲ್ಲಿ ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ.

'ಓ ತೆಂಪೊರಾ, ಓ ಮೊರೇಸ್! ಅಯ್ಯೋ ಕಾಲವೇ, ಅಯ್ಯೋ ನಡತೆಯೇ ಎಂದು ಸಿಸೆರೊ ತನ್ನ ಯುಗದ ಅಧಃಪತನಕ್ಕೆ ಮರುಗಿದ' ಎಂದಿದ್ದೀರಿ. ಮರುಗಿದನೇ? ಅದು ಕ್ರಿ.ಪೂ. 63ರ ನವೆಂಬರ್. ರೋಮಿನ ಜೂಪಿಟರ್ ಸ್ಟೇಟರ್ ದೇವರ ಗುಡಿಯಲ್ಲಿ ಸೆನೆಟ್, ಅಂದರೆ ಹಿರಿಯರ ಆಡಳಿತ ಸಭೆ, ಸೇರಿದೆ. ಸರ್ಕಾರವನ್ನು ಉರುಳಿಸಲು ಸಂಚು ಹೂಡಿದ ಕ್ಯಾಟಿಲೈನ್ ಎದುರಿಗೇ ಕುಳಿತಿದ್ದಾನೆ. ವಾಗ್ಮಿ ಸಿಸೆರೊ ಆ ವರ್ಷದ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ. ಅವನ ಮುಂದಿನ ಮಾತನ್ನೇ ನೀವು ಬಿಟ್ಟಿದ್ದೀರಿ: ಸೆನೆಟ್ಟಿಗೆ ಇದೆಲ್ಲ ಗೊತ್ತು, ಕಾನ್ಸಲ್ ಕಣ್ಣಾರೆ ನೋಡುತ್ತಿದ್ದಾನೆ, ಆದರೂ ಇವನು ಬದುಕಿದ್ದಾನೆ! ಎದುರಿಗಿರುವವನ ಪ್ರಾಣ ಕೇಳುವ ಮಾತಿದು. ಮರುತಿಂಗಳೇ ಸಿಸೆರೊ ಐವರು ಸಂಚುಗಾರರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ. ಅದೇ ಕಾರಣಕ್ಕೆ ಕ್ರಿ.ಪೂ. 58ರಲ್ಲಿ ದೇಶ ಬಿಟ್ಟು ಹೋಗಬೇಕಾಯಿತು.

ಮುಂದಿನ ಸಾಲು: 'ಪೂರ್ವಜರ ಆಚಾರವೇ ರೋಮನ್ನರ ಉಸಿರಾಗಿತ್ತು.' ಯಾವ ರೋಮನ್ನರ? ಕ್ರಿ.ಪೂ. 92ರಲ್ಲಿ ಸೆನ್ಸರ್‌ಗಳಾಗಿದ್ದ, ಅಂದರೆ ಜನಗಣತಿಯನ್ನೂ ಜನರ ನಡತೆಯನ್ನೂ ನೋಡಿಕೊಳ್ಳುವ ಅಧಿಕಾರಿಗಳಾಗಿದ್ದ, ಕ್ರಾಸಸ್ ಮತ್ತು ಡೊಮಿಷಿಯಸ್, ಲ್ಯಾಟಿನ್ನಿನಲ್ಲಿ ಭಾಷಣಕಲೆ ಕಲಿಸುವ ಶಾಲೆಗಳ ವಿರುದ್ಧ ಆಜ್ಞೆ ಹೊರಡಿಸಿದರು. ರೋಮನ್ ಲೇಖಕ ಸ್ಯೂಟೋನಿಯಸ್ ಅದನ್ನು ಉಳಿಸಿಕೊಟ್ಟಿದ್ದಾನೆ. ಆಜ್ಞೆ ಹೇಳುವುದಿಷ್ಟು: ಹುಡುಗರು ದಿನವಿಡೀ ಅಲ್ಲಿ ಕುಳಿತು ಕಾಲ ಕಳೆಯುತ್ತಾರೆ. ಮಕ್ಕಳು ಏನು ಕಲಿಯಬೇಕೆಂದು ಹಿರಿಯರು ಗೊತ್ತುಮಾಡಿಯಾಗಿದೆ. ಅವರ ರೂಢಿಗೆ ಹೊರತಾದ ಈ ಹೊಸತು ನಮಗೆ ಹಿಡಿಸದು, ಸರಿಯೆಂದೂ ತೋರದು. ಹೀಗೆಂದ ಕ್ರಾಸಸ್ ಸ್ವತಃ ರೋಮಿನ ಹೆಸರಾಂತ ವಾಗ್ಮಿ! ತನ್ನ ಬಳಿ ಇದ್ದ ವಿದ್ಯೆಯ ಬಾಗಿಲನ್ನು ಬೇರೆಯವರಿಗೆ ಮುಚ್ಚಲು ಅವನಿಗೆ ಆಚಾರದ ಹೆಸರು ಒದಗಿಬಂತು.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ, ಕರಡು ತಿದ್ದುತ್ತ. ಯಾರ ಲೇಖನದಲ್ಲಿ ಉದ್ಧರಣೆ ಕಂಡರೂ ಅಲ್ಲಿನ ಹಿರಿಯರು ಅಂಚಿನಲ್ಲಿ ಕೆಂಪು ಶಾಯಿಯಿಂದ 'ಯಾರು? ಯಾರಿಗೆ? ಯಾವಾಗ?' ಎಂದು ಬರೆಯುತ್ತಿದ್ದರು. ಉತ್ತರ ಹುಡುಕುವ ಕೆಲಸ ನನ್ನದು. ಗ್ರಂಥಾಲಯ ಮುಚ್ಚುವ ಹೊತ್ತಿಗೆ, ಯಾವುದೋ ಸುಭಾಷಿತದ ಹಿಂದೆ ದೊಡ್ಡದೊಂದು ಜಗಳ ಸಿಕ್ಕಿದಾಗ ಆಗುತ್ತಿದ್ದ ಹಿಗ್ಗು ಈಗಲೂ ನೆನಪಿದೆ. ಅದು ನಿಮಗೂ ಸಿಗಲಿ ಎಂದೇ ಇಷ್ಟು ಬರೆಯುತ್ತಿದ್ದೇನೆ.

ಕೊನೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಧ್ಯೇಯವಾಕ್ಯವನ್ನು, 'ನಡತೆಯಿಲ್ಲದ ಕಾನೂನು ವ್ಯರ್ಥ' ಎಂಬುದನ್ನು, 'ಶಾಶ್ವತ ಸತ್ಯ' ಎಂದು ಹೊಗಳಿದ್ದೀರಿ. ಅದರ ಮೂಲ ರೋಮನ್ ಕವಿ ಹೊರೇಸನ ಕವಿತೆ. ಅಲ್ಲಿ ಅದೊಂದು ಪ್ರಶ್ನೆ: ನಡತೆಯಿಲ್ಲದಿದ್ದರೆ ಬರಿ ಕಾನೂನಿನಿಂದ ಏನು ಪ್ರಯೋಜನ? ಕವಿತೆ ಹೊರಬಂದ ಕೆಲವೇ ವರ್ಷಗಳಲ್ಲಿ, ಕ್ರಿ.ಪೂ. 18ರಲ್ಲಿ, ಚಕ್ರವರ್ತಿ ಅಗಸ್ಟಸ್ ಮದುವೆ ಮತ್ತು ವ್ಯಭಿಚಾರದ ಕುರಿತು ಕಾನೂನುಗಳನ್ನೇ ತಂದ. ಆ ಪ್ರಶ್ನೆಯನ್ನೂ ಈ ಕಾನೂನುಗಳನ್ನೂ ಎದುರುಬದುರು ನಿಲ್ಲಿಸಿ ಬರೆಯಿರಿ. ಉಳಿದ ವಾಕ್ಯಗಳನ್ನೆಲ್ಲ ಕೈಬಿಟ್ಟರೂ ಚಿಂತೆಯಿಲ್ಲ, ನಾನು ಪ್ರಕಟಿಸುತ್ತೇನೆ.